ಹಂಪಿಯ ಕಂಬದ ಮಸೀದಿ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ನಂಜನಾಡು (ನೀಲಗಿರಿ): ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚನ್ನು ಕಾಣದ ನೀಲಗಿರಿ ಜನ ಇರಲಿಕ್ಕಿಲ್ಲ. ನಂಜನಾಡಿನಂಥ ಹಟ್ಟಿಗಳಿಂದ ಪೇಟೆಗೆ ಹೋಗಿಬರುವವರು ಒಮ್ಮೆಯಾದರೂ ಅದರ ಮುಂದೆ ಹಾದುಹೋಗಿರುತ್ತಾರೆ. 1829ರಲ್ಲಿ ಅಡಿಗಲ್ಲು ಬಿದ್ದು, 1831ರ ಈಸ್ಟರ್ ಹೊತ್ತಿಗೆ ಪ್ರಾರ್ಥನೆಗೆ ತೆರೆದ ಚರ್ಚು ಅದು. ಅದರ ಮಾಡನ್ನು ಹೊತ್ತಿರುವ ದೊಡ್ಡ ತೊಲೆ ಮತ್ತು ಮರಮುಟ್ಟುಗಳು ಬಂದದ್ದು ಎಲ್ಲಿಂದ ಗೊತ್ತೇ? ಶ್ರೀರಂಗಪಟ್ಟಣದಿಂದ! 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು ರಾಜ್ಯ ಕಂಪನಿಯ ಕೈಗೆ ಬಿದ್ದ ಮೇಲೆ, ಅವನ ಅರಮನೆಯ ಮರವನ್ನು ಕಿತ್ತು ಘಟ್ಟ ಹತ್ತಿಸಿ ತಂದು ಈ ಚರ್ಚಿಗೆ ಬಳಸಲಾಯಿತು.

ತೊಲೆ ಸುಲ್ತಾನನದು, ಕಟ್ಟಡ ಕ್ರೈಸ್ತರದು, ನೆಲ ನೀಲಗಿರಿಯದು. ಹಾಗೆಂದು ಈ ಚರ್ಚು ಮೊದಲು ಅರಮನೆಯಾಗಿತ್ತೆಂದು ಯಾರೂ ವಾದಿಸುವುದಿಲ್ಲ. ತೊಲೆಯ ಕಥೆ ಬೇರೆ, ಕಟ್ಟಡದ ಕಥೆ ಬೇರೆ ಎಂಬುದು ಎಲ್ಲರಿಗೂ ತಿಳಿದಿದೆ. ಎರಡಕ್ಕೂ ದಾಖಲೆ ಇರುವುದರಿಂದ ಜಗಳಕ್ಕೆ ಅವಕಾಶವೂ ಇಲ್ಲ.

ಆದರೆ ಕರ್ನಾಟಕದಲ್ಲಿ ಕೆಲವು ವರ್ಷಗಳಿಂದ ಮಸೀದಿಗಳ ವಿಷಯದಲ್ಲಿ ಇಂಥ ತಾಳ್ಮೆ ಕಾಣುತ್ತಿಲ್ಲ. 2022ರ ಏಪ್ರಿಲ್‌ನಲ್ಲಿ ಮಂಗಳೂರು ತಾಲ್ಲೂಕಿನ ಮಳಲಿಯಲ್ಲಿ ಹಳೆಯ ಮಸೀದಿಯೊಂದನ್ನು ನವೀಕರಣಕ್ಕೆಂದು ಬಿಚ್ಚಿದಾಗ, ಒಳಗೆ ಗುಡಿಯನ್ನು ಹೋಲುವ ಮರದ ರಚನೆ ಕಾಣಿಸಿತು. ಇದು ದೇವಸ್ಥಾನವೇ ಎಂದು ಒಂದು ಕಡೆ, ಕರಾವಳಿಯ ಹಳೆಯ ಮಸೀದಿಗಳೆಲ್ಲ ಹೀಗೇ ಇರುತ್ತವೆ ಎಂದು ಇನ್ನೊಂದು ಕಡೆ ವಾದ ಎದ್ದಿತು. ಕೆಲಸ ನಿಂತಿತು. ಮೇ ತಿಂಗಳಲ್ಲಿ ತಾಂಬೂಲ ಪ್ರಶ್ನೆ ನಡೆಯಿತು, ನಿಷೇಧಾಜ್ಞೆ ಬಂತು, ಮೊಕದ್ದಮೆಯೂ ಹೂಡಲಾಯಿತು. ಅದೇ ಬೇಸಿಗೆಯಲ್ಲಿ ಶ್ರೀರಂಗಪಟ್ಟಣದ ಜಾಮಿಯಾ ಮಸೀದಿಯಲ್ಲಿ ಪೂಜೆಗೆ ಅವಕಾಶ ಕೊಡಬೇಕೆಂಬ ಬೇಡಿಕೆ ಎದ್ದು, ಜೂನ್‌ನಲ್ಲಿ ಅಲ್ಲಿಯೂ ನಿಷೇಧಾಜ್ಞೆ ಜಾರಿಯಾಯಿತು.

ಇಂಥ ಸುದ್ದಿ ಘಟ್ಟದ ಮೇಲಕ್ಕೂ ಬರುತ್ತದೆ. ನೀಲಗಿರಿ ಗಡಿಯ ಹಳ್ಳಿಗಳ ಜನಕ್ಕೆ ಕನ್ನಡವೂ ಬರುತ್ತದೆ, ತಮಿಳೂ ಬರುತ್ತದೆ. ಹೀಗಾಗಿ ಮೊಬೈಲಿಗೆ ಎರಡೂ ಭಾಷೆಯ ವಿಡಿಯೋಗಳು ಬಂದು ಬೀಳುತ್ತವೆ. ಎಲ್ಲೋ ಒಂದು ಮಸೀದಿಯ ಕಂಬವನ್ನು ತೋರಿಸಿ, "ನೋಡಿ, ಇದು ಗುಡಿಯ ಕಂಬ ತಾನೇ?" ಎಂದು ಕೇಳಿದರೆ ನೋಡಿದವರು ಹೌದೆನ್ನದೆ ಇರುವುದು ಕಷ್ಟ. ಕಣ್ಣಿಗೆ ಕಾಣುತ್ತಿದೆಯಲ್ಲ!

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂಥ ಕಡೆಗೇ. ಆ ಮಾತು ಎಷ್ಟು ಸರಿ ಎಂಬುದಕ್ಕೆ ಹಂಪಿಯಲ್ಲಿರುವ ಒಂದು ಸಣ್ಣ ಮಸೀದಿ ಸಾಕ್ಷಿಯಾಗಿದೆ.

ಗುಮ್ಮಟವಿಲ್ಲ, ಮಿನಾರಿಲ್ಲ

ಹಂಪಿಗೆ ಹೋದವರು ವಿರೂಪಾಕ್ಷನ ದರ್ಶನ ಮಾಡುತ್ತಾರೆ, ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಕಮಲ ಮಹಲ್ ಮತ್ತು ಆನೆ ಲಾಯ ನೋಡಿ ಹಿಂತಿರುಗುತ್ತಾರೆ. ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿರುವ ಅಹ್ಮದ್ ಖಾನನ ಮಸೀದಿಯ ಬಳಿ ನಿಲ್ಲುವವರು ವಿರಳ. ಹಂಪಿಯನ್ನು ಅಳೆದು ನಕ್ಷೆ ಮಾಡಿದ ವಿದ್ವಾಂಸರು ಈ ಭಾಗವನ್ನು ರಾಜಧಾನಿಯ ಮುಸ್ಲಿಂ ಕೇರಿ ಎಂದು ಗುರುತಿಸಿದ್ದಾರೆ. ಸುತ್ತಮುತ್ತ ಹಳೆಯ ಗೋರಿಗಳೂ ಇವೆ.

ಮುಂದೆ ನಿಂತು ನೋಡಿದರೆ ಇದು ಮಸೀದಿ ಎಂದು ಹೇಳುವುದು ಕಷ್ಟ. ಮೇಲೆ ಗುಮ್ಮಟವಿಲ್ಲ, ಪಕ್ಕದಲ್ಲಿ ಮಿನಾರಿಲ್ಲ, ಕಮಾನಿನ ಬಾಗಿಲೂ ಇಲ್ಲ. ಇರುವುದು ಕಲ್ಲಿನ ಕಂಬಗಳ ಸಾಲು, ಅವುಗಳ ಮೇಲೆ ತೊಲೆ, ಅದರ ಮೇಲೆ ಚಪ್ಪಡಿ ಹಾಸಿದ ಚಪ್ಪಟೆ ಚಾವಣಿ. ಮುಂಭಾಗ ತೆರೆದಿದೆ, ಹಿಂಭಾಗಕ್ಕೆ ಗೋಡೆಯಿದೆ. ಕಂಬವನ್ನು ಒಂದಷ್ಟು ದೂರ ಚೌಕವಾಗಿ, ಒಂದಷ್ಟು ದೂರ ಎಂಟು ಮೂಲೆಯಾಗಿ ಕಡೆಯುವುದು ವಿಜಯನಗರದ ಮಂಟಪಗಳಲ್ಲಿ ಎಲ್ಲೆಲ್ಲೂ ಕಾಣುವ ರೂಢಿ. ಇಲ್ಲಿಯೂ ಅದೇ ಕೈಯ ಕೆಲಸ. ದಾರಿಹೋಕರಿಗೆ ನೆರಳಾಗಲೆಂದು ಕಟ್ಟಿಸಿದ ಯಾವುದೋ ಛತ್ರದ ಮಂಟಪ ಎಂದುಕೊಂಡು ಮುಂದೆ ಹೋದರೆ ತಪ್ಪೇನಿಲ್ಲ.

ಒಳಗೆ ಹೋದಾಗ ಮಾತ್ರ ಗುರುತು ಸಿಗುತ್ತದೆ. ಪಶ್ಚಿಮದ ಗೋಡೆಯಲ್ಲಿ ಒಂದು ಗೂಡಿದೆ. ಗರ್ಭಗುಡಿಯಿಲ್ಲ, ಪೀಠವಿಲ್ಲ, ಕಂಬಗಳ ಮೇಲೆ ದೇವರ ಮೂರ್ತಿಗಳಿಲ್ಲ. ಆ ಗೂಡೇ ಮಿಹ್ರಾಬ್. ನಮಾಜು ಮಾಡುವವರಿಗೆ ಮಕ್ಕಾದ ದಿಕ್ಕನ್ನು ತೋರಿಸುವ ಗುರುತು ಅದು. ಮಸೀದಿಗೆ ಕಡ್ಡಾಯವಾಗಿ ಬೇಕಾದ್ದು ದಿಕ್ಕು ಮತ್ತು ಸಾಲಾಗಿ ನಿಲ್ಲಲು ಶುಚಿಯಾದ ಜಾಗ. ಗುಮ್ಮಟ, ಮಿನಾರುಗಳು ಆಯಾ ದೇಶ ಕಾಲದ ಶೈಲಿಗಳು. ಈ ಒಂದು ಸಂಗತಿ ಗೊತ್ತಿದ್ದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಪಕ್ಕದಲ್ಲಿ ಅಹ್ಮದ್ ಖಾನನದೆಂದು ಹೇಳಲಾಗುವ ಗೋರಿ ಇದೆ. ಚೌಕಾಕಾರದ ಆ ಕಟ್ಟಡಕ್ಕೆ ಮೊನಚು ಕಮಾನುಗಳಿವೆ, ಮೇಲೆ ಗುಮ್ಮಟವಿದೆ. ಎಂದರೆ ವಿಜಯನಗರದ ಕಲ್ಕುಟಿಗರಿಗೆ ಗುಮ್ಮಟ ಕಟ್ಟುವ ವಿದ್ಯೆ ಬರುತ್ತಿರಲಿಲ್ಲವೆಂದು ಹೇಳುವಂತಿಲ್ಲ. ಗೋರಿಗೆ ಒಂದು ಶೈಲಿ, ಮಸೀದಿಗೆ ಇನ್ನೊಂದು ಶೈಲಿ ಎಂದು ತಿಳಿದೇ ಆರಿಸಿಕೊಂಡಂತಿದೆ.

ಕನ್ನಡದಲ್ಲೇ ಇದೆ ಶಾಸನ

ಇದನ್ನು ಕಟ್ಟಿಸಿದವರು ಯಾರು, ಯಾಕೆ ಎಂಬುದಕ್ಕೆ ಊಹೆ ಬೇಕಿಲ್ಲ. ಕಲ್ಲಿನ ಮೇಲೆ ಶಾಸನವೇ ಇದೆ. ಅದು ಇರುವುದು ಅರಬ್ಬಿಯಲ್ಲಲ್ಲ, ಪಾರಸಿಯಲ್ಲೂ ಅಲ್ಲ, ಅಚ್ಚ ಕನ್ನಡದಲ್ಲಿ! ಕಾಲ 1439. ಆಗ ಆಳುತ್ತಿದ್ದವನು ಇಮ್ಮಡಿ ದೇವರಾಯ. ಅವನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬ ಅಧಿಕಾರಿ ಈ ಕಟ್ಟಡವನ್ನೂ ಒಂದು ಬಾವಿಯನ್ನೂ ಮಾಡಿಸಿದ. ಇದರ ಪುಣ್ಯ ತನ್ನ ಒಡೆಯ ದೇವರಾಯನಿಗೆ ಸಲ್ಲಲಿ ಎಂಬುದು ಅವನ ಆಶಯ.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಶಾಸನದಲ್ಲಿ ಮಸೀದಿ ಎಂಬ ಪದವಿಲ್ಲ. ಅಲ್ಲಿರುವುದು ಧರ್ಮಸಾಲೆ ಎಂಬ ಪದ. ಮುಸ್ಲಿಂ ಅಧಿಕಾರಿಯೊಬ್ಬ ತನ್ನ ನಮಾಜಿನ ಮನೆಯನ್ನು ಊರ ಜನಕ್ಕೆ ಅರ್ಥವಾಗುವ ಪದದಲ್ಲಿ ಹೆಸರಿಸಿದ್ದಾನೆ. ಕೆರೆ ಕಟ್ಟಿಸು, ಬಾವಿ ತೋಡಿಸು, ಅರವಟ್ಟಿಗೆ ಇಡು, ಅದರ ಪುಣ್ಯವನ್ನು ಒಡೆಯನಿಗೋ ಹೆತ್ತವರಿಗೋ ಅರ್ಪಿಸು ಎಂಬುದು ಕನ್ನಡ ನಾಡಿನ ದಾನಶಾಸನಗಳ ಹಳೆಯ ಪದ್ಧತಿ. ಅಹ್ಮದ್ ಖಾನ್ ಆ ಪದ್ಧತಿಯನ್ನೇ ಅನುಸರಿಸಿದ್ದಾನೆ. ಅವನ ನಂಬಿಕೆ ಅವನದೇ ಆಗಿ ಉಳಿಯಿತು, ಹೇಳಿದ ರೀತಿ ಮಾತ್ರ ಊರಿನದಾಯಿತು.

ಶಾಸನ ಇಲ್ಲದಿದ್ದರೆ ಏನಾಗುತ್ತಿತ್ತು? ಮಂಟಪದ ಆಕಾರ ನೋಡಿ ಒಬ್ಬರು ಇದು ಗುಡಿ ಎನ್ನುತ್ತಿದ್ದರು. ಗೂಡನ್ನು ನೋಡಿ ಇನ್ನೊಬ್ಬರು, ಗುಡಿಯನ್ನು ಕೆಡಿಸಿ ಮಸೀದಿ ಮಾಡಿದ್ದಾರೆ ಎನ್ನುತ್ತಿದ್ದರು. ಎರಡೂ ತಪ್ಪಾಗುತ್ತಿತ್ತು. ಹಿಂದೂ ರಾಜನ ರಾಜಧಾನಿಯಲ್ಲಿ, ರಾಜನಿಗೆ ತಿಳಿದಂತೆಯೇ, ರಾಜನ ಹೆಸರಿನಲ್ಲೇ, ಮೊದಲಿಂದಲೂ ಮಸೀದಿಯಾಗಿಯೇ ಕಟ್ಟಿದ ಕಟ್ಟಡವಿದು.

ದೇವರಾಯನಿಗೆ ಬಿಲ್ಲುಗಾರರು ಬೇಕಿತ್ತು

ಹಾಗೆಂದು ವಿಜಯನಗರದಲ್ಲಿ ಎಲ್ಲವೂ ಪ್ರೀತಿ ಸೌಹಾರ್ದದಿಂದಲೇ ನಡೆಯಿತು ಎಂದುಕೊಳ್ಳಬೇಕಿಲ್ಲ. ಅದು ಯುದ್ಧಗಳ ಕಾಲ. ಉತ್ತರದ ಬಹಮನಿ ಸುಲ್ತಾನರಿಗೂ ವಿಜಯನಗರಕ್ಕೂ ರಾಯಚೂರು ದೋಆಬಿಗಾಗಿ ಮೇಲಿಂದ ಮೇಲೆ ಕಾಳಗ ನಡೆಯುತ್ತಿತ್ತು.

ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಒಂದು ಪ್ರಸಂಗ ಹೇಳುತ್ತಾನೆ. ಬಹಮನಿಗಳ ಎದುರು ಪದೇ ಪದೇ ಹಿನ್ನಡೆಯಾಗಲು ಕಾರಣವೇನೆಂದು ದೇವರಾಯ ತನ್ನ ಪ್ರಮುಖರ ಸಭೆ ಕರೆದು ಕೇಳಿದನಂತೆ. ಅವರ ಕುದುರೆಗಳು ಬಲವಾದವು, ಅವರ ಬಿಲ್ಲುಗಾರರು ನುರಿತವರು ಎಂಬ ಉತ್ತರ ಬಂತು. ದೇವರಾಯ ಕೂಡಲೇ ಮುಸ್ಲಿಂ ಯೋಧರನ್ನು ಸೇನೆಗೆ ಸೇರಿಸಿಕೊಂಡ, ಜಹಗೀರು ಕೊಟ್ಟ, ರಾಜಧಾನಿಯಲ್ಲಿ ಅವರಿಗೆ ಮಸೀದಿ ಕಟ್ಟಿಸಿದ. ಅವರು ಅಳುಕಿಲ್ಲದೆ ವಂದಿಸಲೆಂದು ತನ್ನ ಸಿಂಹಾಸನದ ಮುಂದೆ ಕುರಾನಿನ ಪ್ರತಿಯನ್ನೂ ಇರಿಸಿದ. 2,000 ಮುಸ್ಲಿಮರು ಮತ್ತು ಬಿಲ್ವಿದ್ಯೆ ಕಲಿತ 60,000 ಹಿಂದೂಗಳ ಪಡೆ ಸಿದ್ಧವಾಯಿತು ಎಂದು ಅವನು ಬರೆಯುತ್ತಾನೆ.

ಫೆರಿಷ್ತಾ ಬರೆದದ್ದು 17ನೇ ಶತಮಾನದ ಆರಂಭದಲ್ಲಿ, ಘಟನೆ ನಡೆದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಅವನ ಲೆಕ್ಕವನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ಅವನ ಕಥೆಯ ತಿರುಳಿಗೆ 1439ರ ಶಾಸನ ಬೆಂಬಲ ಕೊಡುತ್ತದೆ. ದೇವರಾಯನ ಸೇವೆಯಲ್ಲಿ ಮುಸ್ಲಿಂ ಅಧಿಕಾರಿಗಳಿದ್ದರು, ರಾಜಧಾನಿಯಲ್ಲಿ ಅವರಿಗೆ ನಮಾಜಿನ ಜಾಗವಿತ್ತು. ಇದಾದ ನಾಲ್ಕು ವರ್ಷಕ್ಕೆ, 1443ರಲ್ಲಿ, ಹೆರಾತಿನ ಶಾರುಖನ ರಾಯಭಾರಿ ಅಬ್ದುರ್ ರಜಾಕ್ ಇದೇ ಊರಿಗೆ ಬಂದು ದೇವರಾಯನ ಆಸ್ಥಾನವನ್ನು ಕಂಡು ಬೆರಗಾಗಿ ಬರೆದಿದ್ದಾನೆ.

ರಾಜನಿಗೆ ಕುದುರೆ ಬೇಕಿತ್ತು, ಬಿಲ್ಲು ಬೇಕಿತ್ತು. ಸೈನಿಕನಿಗೆ ಸಂಬಳ ಬೇಕಿತ್ತು, ನಮಾಜಿಗೆ ಜಾಗ ಬೇಕಿತ್ತು. ಪರಸ್ಪರ ಅಗತ್ಯದಿಂದ ಹುಟ್ಟಿದ ಒಪ್ಪಂದವಿದು. ಇದನ್ನು ಇಂದಿನ ಭಾಷಣಕ್ಕೆ ಬೇಕಾದಂತೆ ಹಿಗ್ಗಿಸುವುದೂ ಬೇಡ, ಇಲ್ಲವೆಂದು ಅಡಗಿಸುವುದೂ ಬೇಡ.

ಶೈಲಿ ಎರಡು ಕಡೆಗೂ ಹರಿಯಿತು

ಮಸೀದಿಗೆ ಮಂಟಪದ ರೂಪ ಬಂದಂತೆ, ಅರಮನೆಗೆ ಕಮಾನು ಗುಮ್ಮಟಗಳ ರೂಪ ಬಂದದ್ದೂ ಹಂಪಿಯಲ್ಲೇ. ಕಮಲ ಮಹಲಿನ ಕಮಾನುಗಳನ್ನು ನೋಡಬೇಕು. ಆನೆ ಲಾಯದ 11 ಕೋಣೆಗಳ ಮೇಲಿರುವ ಗುಮ್ಮಟಗಳ ಸಾಲನ್ನು ನೋಡಬೇಕು. ಆಕಾರವೇ ಪ್ರಮಾಣ ಎನ್ನುವುದಾದರೆ ವಿಜಯನಗರದ ಅರಸರ ಆನೆ ಲಾಯವನ್ನು ಮಸೀದಿ ಎನ್ನಬೇಕಾದೀತು! ಅಷ್ಟೇಕೆ, ವಿಜಯನಗರದ ಅರಸರು ಹಿಂದೂರಾಯ ಸುರತ್ರಾಣ ಎಂಬ ಬಿರುದು ಹೊತ್ತಿದ್ದರು. ಸುರತ್ರಾಣ ಎಂದರೆ ಸುಲ್ತಾನ ಎಂಬುದರ ಸಂಸ್ಕೃತ ರೂಪ.

ನೀಲಗಿರಿಯಿಂದ ಇಳಿದು ಯಾವ ದಿಕ್ಕಿಗೆ ಹೋದರೂ ಇಂಥ ಉದಾಹರಣೆ ಸಿಗುತ್ತವೆ. ಗೂಡಲೂರಿನಿಂದ ಘಟ್ಟ ಇಳಿದು ಕಲ್ಲಿಕೋಟೆಗೆ ಹೋದರೆ ಕುಟ್ಟಿಚಿರದಲ್ಲಿ ಮಿಶ್ಕಾಲ್ ಮಸೀದಿ ಇದೆ. ನಾಖುದಾ ಮಿಶ್ಕಾಲ್ ಎಂಬ ಹಡಗಿನ ವ್ಯಾಪಾರಿ ಕಟ್ಟಿಸಿದ್ದು. ಮರದ ಅಂತಸ್ತುಗಳು, ಇಳಿಜಾರು ಹೆಂಚಿನ ಮಾಡು, ಗುಮ್ಮಟವಿಲ್ಲ. 1510ರಲ್ಲಿ ಪೋರ್ಚುಗೀಸರು ಬೆಂಕಿಯಿಟ್ಟರೂ ಮತ್ತೆ ಎದ್ದು ನಿಂತಿತು. ಮಳೆ ಹೆಚ್ಚಿರುವ ನಾಡಿನಲ್ಲಿ ಗುಡಿಗೂ, ಮನೆಗೂ, ಮಸೀದಿಗೂ ಇಳಿಜಾರು ಮಾಡೇ ಗತಿ. ಬಡಗಿಯೂ ಒಬ್ಬನೇ, ಮರವೂ ಒಂದೇ. ತಮಿಳುನಾಡಿನ ದಕ್ಷಿಣ ಕರಾವಳಿಯ ಕೀಳಕ್ಕರೆಗೆ ಹೋದರೆ, ಅಲ್ಲಿನ ಹಳೆಯ ಜುಮ್ಮಾ ಪಳ್ಳಿಯಲ್ಲಿ ದ್ರಾವಿಡ ಶೈಲಿಯ ಕಲ್ಲಿನ ಕಂಬಗಳ ಸಾಲೇ ಇದೆ. ತಮಿಳರು ದಾನಿಯೆಂದು ಹೊಗಳುವ ಸೀದಕ್ಕಾದಿಯ ಹೆಸರನ್ನು ಜನ ಅದರೊಂದಿಗೆ ಸೇರಿಸಿ ಹೇಳುತ್ತಾರೆ.

ನಾಣ್ಯದ ಇನ್ನೊಂದು ಮುಖ

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಗುಡಿಗಳನ್ನು ಕೆಡವಿ, ಅದೇ ಕಲ್ಲಿನಿಂದ ಮಸೀದಿ ಕಟ್ಟಿದ್ದೂ ಇತಿಹಾಸವೇ. ದೆಹಲಿಯ ಕುತುಬ್ ಮಿನಾರ್ ಪಕ್ಕದ ಕುವ್ವತುಲ್ ಇಸ್ಲಾಂ ಮಸೀದಿಗೆ 27 ದೇವಾಲಯಗಳ ಸಾಮಗ್ರಿ ಬಳಸಲಾಯಿತೆಂದು ಅಲ್ಲಿನ ಪಾರಸಿ ಶಾಸನವೇ ಹೇಳುತ್ತದೆ. ಕರ್ನಾಟಕದಲ್ಲೇ ವಿಜಯಪುರದ ಕರೀಮುದ್ದೀನ್ ಮಸೀದಿಯಲ್ಲಿ ಹಳೆಯ ದೇಗುಲಗಳ ಕಂಬಗಳಿವೆ. ಅದು 1320ರದು. ವಿಶೇಷವೆಂದರೆ ಅಲ್ಲಿ ನಾಗರಿ ಲಿಪಿಯ ಶಾಸನವೊಂದಿದ್ದು, ಕಟ್ಟಡದ ಕೆಲಸ ಮಾಡಿದ ಕುಶಲಕರ್ಮಿ ರೇವಯ್ಯನ ಹೆಸರು ಅದರಲ್ಲಿದೆ. ಇನ್ನು ಹಂಪಿಯೇ 1565ರ ಜನವರಿಯ ರಕ್ಕಸತಂಗಡಿ ಕಾಳಗದ ನಂತರ ಹಾಳಾದದ್ದು ಯಾರಿಗೆ ಗೊತ್ತಿಲ್ಲ?

ಹೀಗಾಗಿ ಮಸೀದಿಯಲ್ಲಿ ಗುಡಿಯಂಥ ಕಂಬ ಕಂಡರೆ ಎರಡು ಸಾಧ್ಯತೆಗಳಿವೆ. ಹಂಪಿಯಂತೆ ಊರಿನ ಶೈಲಿಯಲ್ಲೇ ಹೊಸದಾಗಿ ಕಡೆದದ್ದಿರಬಹುದು. ದೆಹಲಿಯಂತೆ ಬೇರೆಡೆಯಿಂದ ಕಿತ್ತು ತಂದದ್ದೂ ಇರಬಹುದು. ಫೋಟೋದಲ್ಲಿ ಎರಡೂ ಒಂದೇ ತರ ಕಾಣುತ್ತವೆ. ಬೇರ್ಪಡಿಸುವುದು ಹೇಗೆ?

ಪುರಾತತ್ವ ತಿಳಿದವರು ನೋಡುವ ಗುರುತುಗಳು ಕೆಲವಿವೆ. ಕಂಬಗಳೆಲ್ಲ ಒಂದೇ ಅಳತೆ, ಒಂದೇ ಕೆತ್ತನೆಯಾಗಿದ್ದರೆ ಆ ಕಟ್ಟಡಕ್ಕೆಂದೇ ಕಡೆದಿರುವ ಸಂಭವ ಹೆಚ್ಚು. ಒಂದೊಂದು ಒಂದೊಂದು ತರವಾಗಿದ್ದು, ಎತ್ತರ ಸಾಲದೆ ಒಂದರ ಮೇಲೊಂದು ಪೇರಿಸಿದ್ದರೆ, ಮೂರ್ತಿಗಳನ್ನು ಉಜ್ಜಿ ಅಳಿಸಿದ ಗುರುತಿದ್ದರೆ, ತಂದು ಜೋಡಿಸಿರುವ ಸಂಭವ ಹೆಚ್ಚು. ತಳಪಾಯ ಗೋಡೆಗೆ ಹೊಂದುತ್ತದೆಯೇ, ಕಲ್ಲಿನ ಸಂದು ಮೊದಲಿನದೇ, ಬಾಗಿಲಿನ ದಿಕ್ಕು ಬದಲಾಗಿದೆಯೇ ಎಂದೂ ನೋಡುತ್ತಾರೆ. ತಂದ ಕಂಬವೆಂದು ತಿಳಿದರೂ ಪ್ರಶ್ನೆ ಮುಗಿಯುವುದಿಲ್ಲ. ಕೆಡವಿ ತಂದದ್ದೇ, ಮೊದಲೇ ಪಾಳುಬಿದ್ದದ್ದರಿಂದ ತಂದದ್ದೇ, ಊಟಿ ಚರ್ಚಿನ ತೊಲೆಯಂತೆ ದೂರದೂರಿಂದ ಬಂದದ್ದೇ? ಇದಕ್ಕೆ ಕಂಬ ಉತ್ತರ ಕೊಡುವುದಿಲ್ಲ. ಶಾಸನ, ಕಂದಾಯ ದಾಖಲೆ, ಹಳೆಯ ಸರ್ವೆ, ಇನಾಂ ಪತ್ರಗಳು ಕೊಡಬೇಕು. ಹತ್ತು ಸೆಕೆಂಡಿನ ವಿಡಿಯೋ ಈ ಕೆಲಸ ಮಾಡಲಾರದು.

ಕಾನೂನು ಏನು ಹೇಳುತ್ತದೆ?

ಸದ್ಯದ ವಿವಾದಗಳ ಹಿಂದೆ ಮೂರು ಕಾನೂನುಗಳಿವೆ. ಹಳ್ಳಿಯವರು ಇವನ್ನು ಸರಳವಾಗಿ ತಿಳಿದಿರುವುದು ಒಳ್ಳೆಯದು.

ಮೊದಲನೆಯದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ. ಇದರಡಿ ಸಂರಕ್ಷಿತವಾದ ಕಟ್ಟಡದಲ್ಲಿ ರೂಢಿಯಿಂದ ನಡೆದುಬಂದ ಧಾರ್ಮಿಕ ಆಚರಣೆಗೆ ಅಡ್ಡಿಯಿಲ್ಲ. ಆದರೆ ಕಟ್ಟಡದ ಸ್ವರೂಪಕ್ಕೆ ಒಗ್ಗದ ಬಳಕೆ ಕೂಡದು. 2010ರ ತಿದ್ದುಪಡಿಯಂತೆ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು.

ಎರಡನೆಯದು 1991ರ ಪೂಜಾ ಸ್ಥಳಗಳ ಕಾಯ್ದೆ. 1947ರ ಆಗಸ್ಟ್ 15ರಂದು ಯಾವ ಪೂಜಾ ಸ್ಥಳ ಯಾವ ಧರ್ಮದ್ದಾಗಿತ್ತೋ ಹಾಗೆಯೇ ಉಳಿಯಬೇಕು ಎಂಬುದು ಇದರ ಸಾರ. ಅಯೋಧ್ಯೆಯನ್ನು ಇದರಿಂದ ಹೊರಗಿಡಲಾಗಿತ್ತು. 1958ರ ಕಾಯ್ದೆಗೆ ಒಳಪಟ್ಟ ಸ್ಮಾರಕಗಳಿಗೂ ಇದು ಅನ್ವಯಿಸುವುದಿಲ್ಲ. ಈ ಕಾಯ್ದೆಯ ಸಿಂಧುತ್ವ ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 12ರಂದು ಮಹತ್ವದ ಮಧ್ಯಂತರ ಆದೇಶ ನೀಡಿತು. ಮುಂದಿನ ಆದೇಶದವರೆಗೆ ಇಂಥ ಹೊಸ ದಾವೆಗಳನ್ನು ನೋಂದಾಯಿಸಬಾರದು, ಬಾಕಿ ಇರುವ ದಾವೆಗಳಲ್ಲಿ ಸಮೀಕ್ಷೆಯೂ ಸೇರಿದಂತೆ ಪರಿಣಾಮಕಾರಿ ಆದೇಶ ಹೊರಡಿಸಬಾರದು ಎಂದು ಕೆಳಗಿನ ನ್ಯಾಯಾಲಯಗಳಿಗೆ ಹೇಳಿತು.

ಮೂರನೆಯದು 2025ರ ವಕ್ಫ್ ತಿದ್ದುಪಡಿ ಕಾಯ್ದೆ. ಅದೇ ವರ್ಷದ ಏಪ್ರಿಲ್ 8ರಿಂದ ಜಾರಿಗೆ ಬಂದ ಇದರಲ್ಲಿ 3ಡಿ ಎಂಬ ಕಲಮು ಇದೆ. ಯಾವುದೇ ಜಾಗವನ್ನು ವಕ್ಫ್ ಎಂದು ಘೋಷಿಸಿದ ಹೊತ್ತಿಗೆ ಅದು 1904 ಅಥವಾ 1958ರ ಕಾಯ್ದೆಯಡಿ ಸಂರಕ್ಷಿತ ಸ್ಮಾರಕವಾಗಿದ್ದರೆ ಆ ಘೋಷಣೆ ಅಸಿಂಧು ಎಂದು ಅದು ಹೇಳುತ್ತದೆ. 2025ರ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟ್ ಈ ಕಾಯ್ದೆಯ ಕೆಲವು ಭಾಗಗಳಿಗೆ ತಡೆ ನೀಡಿತು. ತಡೆ ನೀಡಿದ ಭಾಗಗಳಲ್ಲಿ 3ಡಿ ಇರಲಿಲ್ಲ.

ಇದರ ಅರ್ಥವೇನು? ಅಹ್ಮದ್ ಖಾನನ ಮಸೀದಿಯಂಥ ಕಟ್ಟಡಗಳಲ್ಲಿ ಇಂದು ನಿತ್ಯ ನಮಾಜಿಲ್ಲ. ಹಂಪಿಯ ಸ್ಮಾರಕ ಸಮೂಹ 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಹೀಗಾಗಿ ಅಲ್ಲಿ ಒಡೆತನದ ಪ್ರಶ್ನೆ ದೊಡ್ಡದಲ್ಲ. ತೊಂದರೆ ಇರುವುದು ಹಳ್ಳಿಗಳಲ್ಲಿ ಯಾವ ಪಟ್ಟಿಗೂ ಸೇರದ ಹಳೆಯ ಮಸೀದಿ, ದರ್ಗಾ, ಗುಡಿ, ಬಸದಿಗಳಿಗೆ. ಅವುಗಳಿಗೆ ಪುರಾತತ್ವ ಇಲಾಖೆಯ ಕಾವಲಿಲ್ಲ, ಶಾಸನ ಓದಿದವರಿಲ್ಲ, ಫೋಟೋ ತೆಗೆದವರಿಲ್ಲ. ಮಳಲಿಯ ಗಲಾಟೆ ಹುಟ್ಟಿದ್ದು ನವೀಕರಣಕ್ಕೆಂದು ಕಟ್ಟಡ ಬಿಚ್ಚಿದ ದಿನ. ಅದರ ಹಳೆಯ ಭಾಗದ ಅಳತೆ, ಚಿತ್ರ, ವಿವರಗಳು ಮೊದಲೇ ಎಲ್ಲರಿಗೂ ಸಿಗುವಂತಿದ್ದಿದ್ದರೆ ಮಾತು ಅಷ್ಟು ದೂರ ಬೆಳೆಯುತ್ತಿತ್ತೇ? ಅದೇ ವರ್ಷದ ನವೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮಸೀದಿ ಕಡೆಯವರ ಆಕ್ಷೇಪಣೆಯನ್ನು ತಳ್ಳಿಹಾಕಿ ದಾವೆಯನ್ನು ಮುಂದುವರಿಸಿತು, ವಿಷಯ ಹೈಕೋರ್ಟನ್ನೂ ಮುಟ್ಟಿತು. ಸಣ್ಣ ಊರೊಂದು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಯಿತು.

ನೀಲಗಿರಿಗೆ ಇದರಲ್ಲೇನಿದೆ?

ಹಂಪಿ ಎಲ್ಲಿ, ನಂಜನಾಡು ಎಲ್ಲಿ ಎಂದು ಕೇಳಬಹುದು. ಸಂಬಂಧವಿದೆ. ಬಡಗ ಎಂಬ ಹೆಸರೇ ಬಡಗು ದಿಕ್ಕಿನಿಂದ ಬಂದವರು ಎಂದು ಹೇಳುತ್ತದೆ. ಮೈಸೂರು ಸೀಮೆಯ ಬಯಲಿನಿಂದ ಮಾಯಾರು ಹೊಳೆ ದಾಟಿ ಬೆಟ್ಟ ಹತ್ತಿದ ಕಥೆಯನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಮುಸ್ಲಿಂ ದೊರೆಯೊಬ್ಬ ಮನೆಯ ಹೆಣ್ಣುಮಗಳನ್ನು ಕೇಳಿದ, ಮಾನ ಉಳಿಸಿಕೊಳ್ಳಲು ರಾತ್ರೋರಾತ್ರಿ ಊರು ಬಿಟ್ಟರು ಎಂಬುದು ಆ ಕಥೆಯ ಒಂದು ಮುಖ್ಯ ಎಳೆ. ಕೆಲವರು ಆ ದೊರೆ ಟಿಪ್ಪು ಸುಲ್ತಾನನೇ ಎಂದೂ ಹೇಳುವುದುಂಟು.

ಇಲ್ಲಿಯೂ ಪ್ರಮಾಣಿಸಿ ನೋಡಬೇಕು. 1603ರಲ್ಲಿ ಮಲಬಾರಿನಿಂದ ನೀಲಗಿರಿಗೆ ಹತ್ತಿ ಬಂದ ಜೆಸ್ವಿಟ್ ಪಾದ್ರಿ ಫೆನಿಸಿಯೋ ಇಲ್ಲಿ ಬಡಗರನ್ನು ಕಂಡು ಬರೆದಿಟ್ಟಿದ್ದಾನೆ. ಟಿಪ್ಪು ಪಟ್ಟಕ್ಕೆ ಬಂದದ್ದು 1782ರಲ್ಲಿ. ಎಂದರೆ ಟಿಪ್ಪುವಿಗೆ ಸುಮಾರು 180 ವರ್ಷ ಮೊದಲೇ ಬಡಗರು ಬೆಟ್ಟದ ಮೇಲಿದ್ದರು! ಬಡಗರ ಸಾಮಾಜಿಕ ಇತಿಹಾಸ ಬರೆದ ಪಾಲ್ ಹಾಕಿಂಗ್ಸ್ ಮೊದಲಾದವರು ಈ ವಲಸೆಯನ್ನು 1565ರಲ್ಲಿ ವಿಜಯನಗರ ಬಿದ್ದ ನಂತರದ ಗೊಂದಲದ ಕಾಲಕ್ಕೆ ಸೇರಿಸುತ್ತಾರೆ. ಅಹ್ಮದ್ ಖಾನನ ಧರ್ಮಸಾಲೆ ಹಾಳುಬಿದ್ದದ್ದೂ ವಿಜಯನಗರದ ಜನ ಚದುರಿಹೋದದ್ದೂ ಒಂದೇ ಪತನದಿಂದ.

ಇದರಿಂದ ಹಿರಿಯರ ಕಥೆ ಸುಳ್ಳಾಗುವುದಿಲ್ಲ. ಊರು ಬಿಟ್ಟ ನೋವು, ಹೆಣ್ಣುಮಗಳ ಮಾನದ ಭಯ, ಹೊಳೆ ದಾಟಿದ ನೆನಪು ಪೀಳಿಗೆಯಿಂದ ಪೀಳಿಗೆಗೆ ಉಳಿದು ಬಂದಿವೆ. ಅದಕ್ಕೆ ಗೌರವ ಸಲ್ಲಬೇಕು. ಆದರೆ ಆ ಕಥೆಯ ದೊರೆಗೆ ತಪ್ಪು ಹೆಸರು ಅಂಟಿಸಿದರೆ ಇತಿಹಾಸ ಕೆಡುತ್ತದೆ. ಆ ದೊರೆಯ ಲೆಕ್ಕವನ್ನು ಇಂದಿನ ಗೂಡಲೂರಿನ ಮಾಪಿಳ್ಳೆಯ ಮೇಲೋ, ಊಟಿ ಪೇಟೆಯ ಅಂಗಡಿಯವರ ಮೇಲೋ ಬರೆದರೆ ಬದುಕೇ ಕೆಡುತ್ತದೆ. ಬೆಳೆದ ಆಲೂಗಡ್ಡೆ, ಕ್ಯಾರೆಟ್ ಮೇಟ್ಟುಪಾಳಯದ ಮಂಡಿ ಸೇರುವ ತನಕ ಲೋಡು ಮಾಡುವವರು, ಲಾರಿ ಓಡಿಸುವವರು, ಕೊಳ್ಳುವವರು ಎಲ್ಲ ಜಾತಿ ಮತದವರೂ ಇರುತ್ತಾರೆ. ಗಡಿ ಜಿಲ್ಲೆಯಲ್ಲಿ ಒಂದು ದಿನ ಬಂದ್ ಆದರೆ ತರಕಾರಿ ಕೊಳೆಯುವುದು ರೈತನ ಹೊಲದಲ್ಲೇ.

ಊರವರು ಮಾಡಬಹುದಾದ್ದು

ಸರ್ಕಾರ, ಕೋರ್ಟು, ಪುರಾತತ್ವ ಇಲಾಖೆಗಳು ತಮ್ಮ ಕೆಲಸ ಮಾಡಲಿ. ಊರಿನ ಹಿರಿಯರು, ಮಸೀದಿ ಕಮಿಟಿಯವರು, ದೇವಸ್ಥಾನದ ಧರ್ಮದರ್ಶಿಗಳು ಮಾಡಬಹುದಾದ ಕೆಲಸವೂ ಒಂದಿದೆ, ಅದಕ್ಕೆ ಹೆಚ್ಚು ಖರ್ಚಿಲ್ಲ. ಹಳೆಯ ಕಟ್ಟಡವನ್ನು ಬಿಚ್ಚುವ ಮೊದಲು ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯಬೇಕು. ಕಂಬ, ತೊಲೆ, ಬಾಗಿಲುವಾಡಗಳ ಅಳತೆ ಬರೆದಿಡಬೇಕು. ಅಕ್ಷರವಿರುವ ಕಲ್ಲು ಕಂಡರೆ ಸುಣ್ಣ ಬಳಿಯದೆ, ಮೆಟ್ಟಿಲಿಗೆ ಹಾಕದೆ, ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೋ ತಿಳಿಸಬೇಕು. ಹಳೆಯ ಪತ್ರಗಳಿಗೆ ಪ್ರತಿ ಮಾಡಿಸಬೇಕು. ಗಡಿಯ ಊರುಗಳಲ್ಲಿ ಒಂದು ದಾಖಲೆ ತಮಿಳಿನಲ್ಲಿ, ಇನ್ನೊಂದು ಕನ್ನಡದಲ್ಲಿ, ಮತ್ತೊಂದು ಇಂಗ್ಲಿಷಿನಲ್ಲಿ ಇರುವುದು ಸಾಮಾನ್ಯ. ಎರಡು ಭಾಷೆ ಬಲ್ಲ ಯುವಕರು ಇವನ್ನೆಲ್ಲ ಒಂದೆಡೆ ಸೇರಿಸಿ ಓದಿ ಹೇಳಬಲ್ಲರು. ಕೆಲಸ ಆರಂಭಿಸುವ ಮೊದಲು ಪಕ್ಕದ ಬೀದಿಯವರನ್ನೂ ಕರೆದು ತೋರಿಸಿದರೆ ಗುಟ್ಟು ಎಂಬ ಗುಮಾನಿಗೆ ಎಡೆಯಿರುವುದಿಲ್ಲ.

ಇನ್ನೊಂದು ಅಪಾಯವೂ ಇದೆ. ಅದು ಮಳೆ ಮತ್ತು ಅಲಕ್ಷ್ಯ. 2024ರ ಮೇ ತಿಂಗಳಲ್ಲಿ ಸುರಿದ ಮಳೆಗೆ ಹಂಪಿಯ ವಿರೂಪಾಕ್ಷ ಬಜಾರಿನ ಸಾಲು ಮಂಟಪದ ಒಂದು ಭಾಗವೇ ಕುಸಿಯಿತು. ದಿನವೂ ಪ್ರವಾಸಿಗರು ಸುತ್ತಾಡುವ ಜಾಗದ ಗತಿ ಹೀಗಾದರೆ, ಯಾರೂ ನಿಲ್ಲದ ಸಣ್ಣ ಕಟ್ಟಡಗಳ ಗತಿಯೇನು? ಇದು ಯಾರದು ಎಂಬ ಜಗಳ ಮುಗಿಯುವ ಹೊತ್ತಿಗೆ ಜಗಳಕ್ಕೆ ಕಾರಣವಾದ ಕಟ್ಟಡವೇ ಉಳಿಯದಿರಬಹುದು.

ಹಂಪಿಗೆ ಹೋಗುವ ನೀಲಗಿರಿಯವರು ಮುಂದಿನ ಸಲ ಕಮಲಾಪುರದಿಂದ ಆ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಬರಬೇಕು. ಮಂಟಪದಂತಿರುವ ಮಸೀದಿಯ ನೆರಳಲ್ಲಿ ಹತ್ತು ನಿಮಿಷ ಕೂರಬೇಕು. 1439ರಲ್ಲಿ ಪರಧರ್ಮದ ಒಡೆಯನಿಗೆ ಪುಣ್ಯ ಬರಲೆಂದು ಬಾವಿ ತೋಡಿಸಿ, ಅದನ್ನು ಕನ್ನಡದಲ್ಲಿ ಕಲ್ಲಿಗೆ ಬರೆಸಿದ ಅಹ್ಮದ್ ಖಾನ್ ಅಲ್ಲಿ ಸಿಗುತ್ತಾನೆ. ಅವನು ಬರೆಸದೆ ಬಿಟ್ಟಿದ್ದರೆ ಇಂದು ಆ ಕಂಬಗಳ ಮುಂದೆ ನಿಂತು ಜನ ಏನೇನು ಹೇಳುತ್ತಿದ್ದರೋ!